ಗ್ಯಾಸ್ ಕಂಪನಿ ನಿಮ್ಮ ಬೀದಿಯನ್ನು ಯಾರನ್ನೂ ಕೇಳದೆ ಅಗೆಯಬಹುದೇ? ಫಾರ್ವರ್ಡ್ ಮಾಡುವ ಮೊದಲು ಓದಿ

ಬಡಾವಣೆಯ ಬೀದಿಗೆ ಜೆಸಿಬಿಯೋ ಡ್ರಿಲ್ಲಿಂಗ್ ಯಂತ್ರವೋ ಬಂದು ನಿಂತರೆ ಸಾಕು, ವಾಟ್ಸಾಪ್ ಗ್ರೂಪು ಎಚ್ಚರವಾಗುತ್ತದೆ. ಹಳದಿ ಪೈಪಿನ ಸುರುಳಿಯ ಫೋಟೊ ಬರುತ್ತದೆ, ಅದರ ಬೆನ್ನಿಗೇ ವಾದ ಶುರು. ಗ್ಯಾಸ್ ಕಂಪನಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಇದೆ, ಯಾರನ್ನೂ ಕೇಳದೆ ಯಾವ ರಸ್ತೆಯನ್ನಾದರೂ ಅಗೆಯಬಹುದು ಎಂದು ಒಬ್ಬರು ಬರೆಯುತ್ತಾರೆ. ಮನೆ ಮಾಲೀಕರ ಸಹಿ ಇಲ್ಲದೆ ಮನೆ ಮುಂದೆ ಗುದ್ದಲಿ ಹಾಕುವಂತೆಯೇ ಇಲ್ಲ, ಹೋಗಿ ಕೆಲಸ ನಿಲ್ಲಿಸಿ ಎಂದು ಇನ್ನೊಬ್ಬರು. ಎರಡೂ ಸಂದೇಶಗಳು ಗ್ರೂಪಿನಿಂದ ಗ್ರೂಪಿಗೆ ಹಾರುತ್ತವೆ. ಎರಡೂ ತಪ್ಪು.

ಚಿಕ್ಕ ಉತ್ತರ ಇದು: ಅನಿಲ ಪೂರೈಸಲು ಸಿಗುವ ಪರವಾನಗಿ ಬೇರೆ, ರಸ್ತೆ ಅಗೆಯಲು ಸಿಗುವ ಅನುಮತಿ ಬೇರೆ. ಮೊದಲನೆಯದನ್ನು ದೆಹಲಿಯ ಮಂಡಳಿ ಕೊಡುತ್ತದೆ. ಎರಡನೆಯದನ್ನು ರಸ್ತೆ ಯಾರ ಸುಪರ್ದಿಯಲ್ಲಿದೆಯೋ ಅವರಿಂದ ಪಡೆಯಬೇಕು. ಒಂದು ಕೈಯಲ್ಲಿದ್ದ ಮಾತ್ರಕ್ಕೆ ಇನ್ನೊಂದು ತಾನಾಗಿ ಬರುವುದಿಲ್ಲ. ಮನೆ ಮಾಲೀಕರ ಒಪ್ಪಿಗೆ ಬೇಕಾಗುವುದು ಗೇಟಿನ ಒಳಗಿನ ಕೆಲಸಕ್ಕೆ. ಈ ವ್ಯತ್ಯಾಸ ತಿಳಿಯದೆ ಬೀದಿಗಿಳಿದರೆ, ದಿನಗೂಲಿಗೆ ಬಂದ ಕೆಲಸಗಾರರ ಮೇಲೆ ರೇಗಾಡಿ ಮನೆಗೆ ಬರುವುದಷ್ಟೇ ಆಗುತ್ತದೆ.

ಅನಿಲ ಕೇಂದ್ರದ್ದು, ರಸ್ತೆ ಊರಿನದ್ದು

ಗೊಂದಲದ ಬೇರು ಸಂವಿಧಾನದಲ್ಲೇ ಇದೆ. ಯಾವ ವಿಷಯದ ಮೇಲೆ ಕೇಂದ್ರ ಕಾನೂನು ಮಾಡಬೇಕು, ಯಾವುದರ ಮೇಲೆ ರಾಜ್ಯ ಮಾಡಬೇಕು ಎಂದು ಹಂಚಿರುವ ಏಳನೇ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯ 25ನೇ ನಮೂದು ಅನಿಲ ಮತ್ತು ಅನಿಲ ಕಾರ್ಖಾನೆಗಳ ಬಗ್ಗೆ ಹೇಳುತ್ತದೆ. ಕೇಂದ್ರ ಪಟ್ಟಿಯ 53ನೇ ನಮೂದು ಪೆಟ್ರೋಲಿಯಂ ಮತ್ತು ಖನಿಜ ತೈಲದ ಬಗ್ಗೆ. ಹಾಗಾದರೆ ನೆಲದೊಳಗಿನಿಂದ ಬರುವ ನೈಸರ್ಗಿಕ ಅನಿಲ ಯಾರ ಪಾಲಿಗೆ? ಗುಜರಾತ್ ಇದನ್ನು ತನ್ನದೆಂದು ಭಾವಿಸಿ 2001ರಲ್ಲಿ ಅನಿಲ ಸಾಗಣೆ ಮತ್ತು ವಿತರಣೆಗೆ ತನ್ನದೇ ಕಾಯ್ದೆ ಮಾಡಿತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. 2004ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು: ನೈಸರ್ಗಿಕ ಅನಿಲ ಕೇಂದ್ರದ ವಿಷಯ, ಅದರ ಮೇಲೆ ಕಾನೂನು ಮಾಡುವ ಅಧಿಕಾರ ರಾಜ್ಯಕ್ಕಿಲ್ಲ.

ಅದಾದ ಮೇಲೆ ಸಂಸತ್ತು 2006ರಲ್ಲಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಕಾಯ್ದೆಯನ್ನು ಜಾರಿಗೆ ತಂದಿತು. ಈಗ ದೇಶವನ್ನು ಭೌಗೋಳಿಕ ಪ್ರದೇಶಗಳಾಗಿ ಹಂಚಿ, ಒಂದೊಂದು ಪ್ರದೇಶಕ್ಕೂ ಒಂದು ಕಂಪನಿಯನ್ನು ಆ ಮಂಡಳಿ ಆರಿಸುತ್ತದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳು ಗೇಲ್ ಗ್ಯಾಸ್ ಸಂಸ್ಥೆಯ ಪಾಲಿಗೆ ಬಂದಿವೆ. ನಿಮ್ಮ ಗ್ರೂಪಿನಲ್ಲಿ "ದೆಹಲಿಯ ಲೈಸೆನ್ಸ್" ಎಂದು ಓಡಾಡುವುದು ಇದೇ ಅಧಿಕಾರ ಪತ್ರ. ಅದು ಸುಳ್ಳಲ್ಲ, ಇದೆ.

ಆದರೆ ಅದೇ ಏಳನೇ ಅನುಸೂಚಿಯಲ್ಲಿ ರಸ್ತೆ, ಸೇತುವೆ, ಸ್ಥಳೀಯ ಆಡಳಿತ ರಾಜ್ಯ ಪಟ್ಟಿಯಲ್ಲಿವೆ. ಕರ್ನಾಟಕದಲ್ಲಿ ಮಹಾನಗರ ಪಾಲಿಕೆಗಳ 1976ರ ಕಾಯ್ದೆಯಂತೆ ಸಾರ್ವಜನಿಕ ಬೀದಿಗಳು ಪಾಲಿಕೆಯ ಸುಪರ್ದಿಗೆ ಸೇರುತ್ತವೆ. ಪುರಸಭೆ, ನಗರಸಭೆಗಳಿಗೆ 1964ರ ಕಾಯ್ದೆ ಇದೆ. ಹೀಗಾಗಿ ಪೈಪಿನೊಳಗೆ ಹರಿಯುವ ಅನಿಲದ ಮೇಲೆ ಒಂದು ಸರ್ಕಾರದ ಹಿಡಿತ, ಪೈಪು ಮಲಗಬೇಕಾದ ನೆಲದ ಮೇಲೆ ಇನ್ನೊಂದರ ಹಿಡಿತ. ಕಂಪನಿ ಎರಡೂ ಬಾಗಿಲು ತಟ್ಟಲೇಬೇಕು.

ಇಲ್ಲೊಂದು ಒತ್ತಡವೂ ಇದೆ, ಅದನ್ನು ತಿಳಿದರೆ ರಾತ್ರೋರಾತ್ರಿ ಅಗೆಯುವ ಆತುರ ಅರ್ಥವಾಗುತ್ತದೆ. ಪ್ರದೇಶ ಪಡೆದ ಕಂಪನಿ ಇಂತಿಷ್ಟು ವರ್ಷದಲ್ಲಿ ಇಂತಿಷ್ಟು ಮನೆಗೆ ಸಂಪರ್ಕ, ಇಂತಿಷ್ಟು ಸಿಎನ್‌ಜಿ ಬಂಕ್, ಇಂತಿಷ್ಟು ಉಕ್ಕಿನ ಪೈಪು ಎಂದು ಮಂಡಳಿಗೆ ಮಾತು ಕೊಟ್ಟಿರುತ್ತದೆ. ಪೈಪಿನ ಲೆಕ್ಕವನ್ನು ಇಂಚು-ಕಿಲೋಮೀಟರಿನಲ್ಲಿ ಹಾಕುತ್ತಾರೆ: 4 ಇಂಚಿನ ಪೈಪು 10 ಕಿಲೋಮೀಟರ್ ಹಾಕಿದರೆ 40 ಇಂಚು-ಕಿಲೋಮೀಟರ್. ಗುರಿ ತಪ್ಪಿದರೆ ಬ್ಯಾಂಕ್ ಗ್ಯಾರಂಟಿಗೆ ಕತ್ತರಿ ಬೀಳಬಹುದು. ಪಾಲಿಕೆಯ ಎಂಜಿನಿಯರಿಗೆ ಆ ಗಡುವಿನ ಬಿಸಿ ತಾಗುವುದಿಲ್ಲ. ಹೊಸದಾಗಿ ಡಾಂಬರು ಹಾಕಿಸಿದ ರಸ್ತೆ ಹಾಳಾದರೆ ಜನ ಬೈಯುವುದು ಅವರನ್ನೇ.

ಕರೆಂಟಿನವರಿಗೆ ಇರುವ ಕಲಮು

ವಿದ್ಯುತ್ ಕಂಪನಿಯವರೂ ಅಗೆಯುತ್ತಾರಲ್ಲ, ಅವರಿಗೆ ಹೇಗೆ ಅಧಿಕಾರ ಬಂತು ಎಂದು ಕೇಳಬಹುದು. ವಿದ್ಯುತ್ ಕಾಯ್ದೆ 2003ರ 67ನೇ ಕಲಮು ಲೈಸೆನ್ಸ್ ಇರುವ ಕಂಪನಿಗೆ ತನ್ನ ಪೂರೈಕೆ ಪ್ರದೇಶದಲ್ಲಿ ಬೀದಿಯ ಮಣ್ಣು ಮತ್ತು ಹಾಸುಗಲ್ಲನ್ನು ತೆರೆದು ಒಡೆಯಬಹುದು ಎಂದು ನೇರವಾಗಿ ಹೇಳುತ್ತದೆ. ಅದಕ್ಕೂ ಷರತ್ತುಗಳಿವೆ: ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪರಿಹಾರ ಕೊಡಬೇಕು. ಟೆಲಿಕಾಂ ಕಂಪನಿಗಳಿಗೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ದಾರಿ ಹಕ್ಕಿನ ಪ್ರತ್ಯೇಕ ಅಧ್ಯಾಯವೇ ಇದೆ. ಅನಿಲದ 2006ರ ಕಾಯ್ದೆಯಲ್ಲಿ ಬೀದಿ ಒಡೆಯುವ ಇಂಥ ಕಲಮು ಇಲ್ಲ. ಯಾರಿಗೆ ಪ್ರದೇಶ ಕೊಡಬೇಕು, ದರ ಹೇಗೆ, ದೂರು ಎಲ್ಲಿ, ಸುರಕ್ಷತೆ ಹೇಗೆ ಎಂಬುದರ ಬಗ್ಗೆ ಅದು ಮಾತಾಡುತ್ತದೆ, ಗುದ್ದಲಿಯ ಬಗ್ಗೆ ಅಲ್ಲ.

ವಿಚಿತ್ರ ಎಂದರೆ ಬ್ರಿಟಿಷರ ಕಾಲದಲ್ಲಿ ಈ ವಿಷಯಕ್ಕೇ ಕಾಯ್ದೆ ಆಗಿತ್ತು. ಕಲ್ಕತ್ತದ ಬೀದಿ ದೀಪಗಳಿಗೆ ಕಲ್ಲಿದ್ದಲಿನ ಅನಿಲ ಕೊಡಲು ಬಂದ ಓರಿಯಂಟಲ್ ಗ್ಯಾಸ್ ಕಂಪನಿಗೆ ವಿಶೇಷ ಅಧಿಕಾರಗಳನ್ನು ಕೊಡಲು 1857ರಲ್ಲಿ, ಅಂದರೆ ಸಿಪಾಯಿಗಳು ದಂಗೆಯೆದ್ದ ಅದೇ ವರ್ಷ, ಆ ಒಂದು ಕಂಪನಿಯ ಹೆಸರಿನಲ್ಲೇ ಕಾಯ್ದೆ ಹೊರಟಿತು. ಇಂದಿನ ಬ್ರಿಟನ್ನಿನಲ್ಲಿ 1986ರ ಗ್ಯಾಸ್ ಕಾಯ್ದೆಯ ನಾಲ್ಕನೇ ಅನುಸೂಚಿ ಬೀದಿ ಒಡೆಯುವ ಅಧಿಕಾರ ಕೊಡುತ್ತದೆ. ಅಲ್ಲಿಯೂ ಆ ಅಧಿಕಾರ ಸಿಗುವುದು ಕೊಳವೆ ಜಾಲ ನಡೆಸುವ ಕಂಪನಿಗೆ, ಬಿಲ್ ಕಳಿಸುವ ಕಂಪನಿಗಲ್ಲ. ಅಗೆದ ಬೀದಿಯನ್ನು ಮುಚ್ಚಿದ ಮೇಲೆ 2 ವರ್ಷ, ಆಳದ ಗುಂಡಿಯಾದರೆ 3 ವರ್ಷ ಅದು ಕುಸಿಯದಂತೆ ಖಾತರಿ ಕೊಡಬೇಕು. ಲಂಡನ್ನಿನಲ್ಲಿರುವ ಮಗಳೋ ಅಳಿಯನೋ "ಇಲ್ಲಿ ಗ್ಯಾಸಿನವರಿಗೆ ಕಾನೂನೇ ಅಧಿಕಾರ ಕೊಟ್ಟಿದೆ" ಎಂದು ಗ್ರೂಪಿನಲ್ಲಿ ಬರೆದರೆ ಅವರು ಹೇಳುವುದು ನಿಜ. ಅದು ಅಲ್ಲಿನ ಕಾನೂನು ಅಷ್ಟೇ.

ಅನುಮತಿ ಪತ್ರ ಎಂಬ ಕಾಗದ

ಹಾಗಾದರೆ ನಮ್ಮ ಬೀದಿಯಲ್ಲಿ ಕೇಳಬೇಕಾದ ಪ್ರಶ್ನೆ "ಲೈಸೆನ್ಸ್ ಇದೆಯಾ" ಎಂಬುದಲ್ಲ, "ಈ ರಸ್ತೆಗೆ ಅಗೆತದ ಅನುಮತಿ ಇದೆಯಾ" ಎಂಬುದು. ಆ ಪತ್ರದಲ್ಲಿ ಸಾಮಾನ್ಯವಾಗಿ ರಸ್ತೆಯ ಹೆಸರು, ಅಗೆತ ಶುರುವಾಗಿ ಮುಗಿಯುವ ಜಾಗ, ಎಷ್ಟು ಮೀಟರ್ ಉದ್ದ, ತೆರೆದ ಕಾಲುವೆಯೋ ಯಂತ್ರದಿಂದ ಅಡ್ಡ ಕೊರೆತವೋ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಹಗಲೋ ರಾತ್ರಿಯೋ ಎಂಬ ವಿವರ ಇರುತ್ತದೆ. ರಸ್ತೆಯನ್ನು ಮೊದಲಿನಂತೆ ಮಾಡುವ ಖರ್ಚು ಕಂಪನಿಯದ್ದು. ಕೆಲವು ಕಡೆ ಆ ಹಣವನ್ನು ಪಾಲಿಕೆ ಮೊದಲೇ ಕಟ್ಟಿಸಿಕೊಂಡು ತಾನೇ ದುರಸ್ತಿ ಮಾಡುತ್ತದೆ, ಕೆಲವು ಕಡೆ ಠೇವಣಿ ಇಟ್ಟುಕೊಂಡು ಕಂಪನಿಯಿಂದಲೇ ಮಾಡಿಸುತ್ತದೆ. ನಿಮ್ಮ ಬೀದಿಯ ಗುಂಡಿಗೆ ಯಾರನ್ನು ಹಿಡಿಯಬೇಕು ಎಂಬುದು ಈ ಒಂದು ಸಾಲಿನ ಮೇಲೆ ನಿಂತಿದೆ. ಪಾಲಿಕೆ ಹಣ ಪಡೆದುಕೊಂಡಿದ್ದರೆ ಗ್ಯಾಸ್ ಕಂಪನಿಯ ಕಚೇರಿಗೆ ಹತ್ತು ಸಲ ಫೋನ್ ಮಾಡಿದರೂ ಪ್ರಯೋಜನವಿಲ್ಲ.

ರಸ್ತೆ ಯಾರದು ಎಂಬುದೂ ಅಷ್ಟು ಸರಳವಲ್ಲ. ಬಡಾವಣೆಯ ಒಳಬೀದಿ ಪಾಲಿಕೆಯದ್ದು, ಅದು ಸೇರುವ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದಿರಬಹುದು, ಮುಂದಿನ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ಮಧ್ಯೆ ರೈಲು ಹಳಿ ಬಂದರೆ ರೈಲ್ವೆಯದ್ದು. ಊರಾಚೆ ಹೋದರೆ ಗ್ರಾಮ ಪಂಚಾಯಿತಿ. ಒಂದೇ ಪೈಪಿಗೆ ನಾಲ್ಕು ಕಡೆಯ ಪತ್ರ ಬೇಕಾಗುವುದುಂಟು. ಬೆಂಗಳೂರಿನಲ್ಲಂತೂ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಹಳೆಯ ಬಿಬಿಎಂಪಿ ಅಧಿಕಾರಿಯ ನಂಬರು ಹೊತ್ತ ಫಾರ್ವರ್ಡುಗಳು ಇನ್ನೂ ಸುತ್ತುತ್ತಿದ್ದರೆ ಅವನ್ನು ಅಳಿಸಿಬಿಡಿ.

ಪತ್ರವನ್ನು ತೋರಿಸಿ ಎಂದು ಸ್ಥಳದಲ್ಲಿರುವ ಮೇಲ್ವಿಚಾರಕರನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ತೋರಿಸದಿದ್ದರೆ ವಾರ್ಡಿನ ಎಂಜಿನಿಯರಿಗೆ ಫೋನ್ ಮಾಡಿ ಕೇಳಿ, ಫೋಟೊ ಮತ್ತು ಜಾಗ ಕಳಿಸಿ. ಅದಕ್ಕೂ ಉತ್ತರ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯನ್ನು ಪಾಲಿಕೆಗೆ ಹಾಕುವುದು ಲೇಸು, ಏಕೆಂದರೆ ಖಾಸಗಿ ಗ್ಯಾಸ್ ಕಂಪನಿ ಮಾಹಿತಿ ಹಕ್ಕಿನ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲ. ಅನುಮತಿ ಇರುವ ಕೆಲಸವನ್ನು ಗುಂಪು ಕಟ್ಟಿ ಬಲವಂತವಾಗಿ ತಡೆದರೆ ಮಾತ್ರ ಪೊಲೀಸ್ ದೂರು ನಿಮ್ಮ ಮೇಲೇ ಬೀಳಬಹುದು.

ಅನುಮತಿ ಇದ್ದರೂ ಗುಂಡಿಯನ್ನು ಬಾಯಿ ತೆರೆದು ಬಿಟ್ಟು ಹೋಗುವ ಹಕ್ಕು ಯಾರಿಗೂ ಬರುವುದಿಲ್ಲ. ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡ್ಡಿ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ ಅಪರಾಧ, 5,000 ರೂಪಾಯಿವರೆಗೆ ದಂಡ. ಹಳೆಯ ದಂಡ ಸಂಹಿತೆಯಲ್ಲಿ ಅದು ಬರೀ 200 ರೂಪಾಯಿ ಇತ್ತು. ಗುತ್ತಿಗೆದಾರನಿಗೆ 5,000 ಕೂಡ ದೊಡ್ಡ ಮೊತ್ತವೇನಲ್ಲ ನಿಜ, ಆದರೆ ನಿರ್ಲಕ್ಷ್ಯದಿಂದ ಜೀವ ಹೋದರೆ 106ನೇ ಕಲಮು ಬರುತ್ತದೆ, ಅದರಲ್ಲಿ 5 ವರ್ಷದವರೆಗೆ ಜೈಲು ಇದೆ. ತಡೆಬೇಲಿ, ಕೆಂಪು ದೀಪ, ಎಚ್ಚರಿಕೆ ಫಲಕ ಇಲ್ಲದ ಗುಂಡಿಯ ಫೋಟೊವನ್ನು ದಿನಾಂಕ, ಸಮಯದೊಂದಿಗೆ ತೆಗೆದಿಡಿ. ಸ್ಕೂಟರಿನಲ್ಲಿ ಬರುವವರು ರಾತ್ರಿ ಮಳೆಯಲ್ಲಿ ಅದರೊಳಗೆ ಬೀಳುವ ಮೊದಲು ಅದು ಅಧಿಕಾರಿಯ ಫೋನಿನಲ್ಲಿರಲಿ.

ಹೊಲದ ಲೆಕ್ಕ ಬೇರೆ

ಕೆಲವು ಫಾರ್ವರ್ಡುಗಳಲ್ಲಿ "1962ರ ಕಾಯ್ದೆ" ಎಂಬ ಮಾತು ಬರುತ್ತದೆ. ಅದು ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯ್ದೆ. ದಾಬೋಲ್‌ನಿಂದ ಬೆಂಗಳೂರಿಗೆ ಬರುವ ಗೇಲ್ ಪೈಪ್‌ಲೈನಿನಂಥ ದೂರದ ದೊಡ್ಡ ಕೊಳವೆಗಳು ಹೊಲ ತೋಟಗಳ ಕೆಳಗೆ ಹೋಗಲು ಬಳಕೆಯಾಗುವುದು ಮುಖ್ಯವಾಗಿ ಇದೇ. ಬೀದಿಯ ಜಗಳಕ್ಕೆ ಇದನ್ನು ಎಳೆದು ತರುವುದು ಸರಿಯಲ್ಲ, ಆದರೆ ಊರಿನಲ್ಲಿ ಜಮೀನು ಇರುವವರು ತಿಳಿದಿರಲೇಬೇಕು.

ಇದರಲ್ಲಿ ಜಮೀನು ಸರ್ಕಾರದ್ದಾಗುವುದಿಲ್ಲ. ಪಹಣಿಯಲ್ಲಿ ಹೆಸರು ನಿಮ್ಮದೇ ಉಳಿಯುತ್ತದೆ. ಸರ್ಕಾರ ಪಡೆಯುವುದು ನೆಲದಡಿ ಕೊಳವೆ ಹಾಕಿ ನೋಡಿಕೊಳ್ಳುವ ಬಳಕೆಯ ಹಕ್ಕನ್ನು ಮಾತ್ರ. ಮೊದಲು ಗೆಜೆಟ್‌ನಲ್ಲಿ ಅಧಿಸೂಚನೆ ಬರಬೇಕು. ಅದು ಪ್ರಕಟವಾದ 21 ದಿನದೊಳಗೆ ಸಕ್ಷಮ ಪ್ರಾಧಿಕಾರಿಗೆ ಬರಹದಲ್ಲಿ ತಕರಾರು ಕೊಡಬಹುದು, ಸ್ವತಃ ಅಥವಾ ವಕೀಲರ ಮೂಲಕ ಹೇಳಿಕೊಳ್ಳಬಹುದು. ಈ 21 ದಿನ ಕಳೆದುಹೋದ ಮೇಲೆ ತಹಶೀಲ್ದಾರರ ಕಚೇರಿ ಮುಂದೆ ಕೂತವರು ಬಹಳ. ಅಧಿಸೂಚನೆಗೆ ಮೊದಲೇ ವಾಸಕ್ಕೆ ಬಳಸುತ್ತಿದ್ದ ಜಾಗ, ಕಾಯಂ ಕಟ್ಟಡ ಇರುವ ಜಾಗ, ಮನೆಗೆ ಹೊಂದಿಕೊಂಡ ಜಾಗ ಇವುಗಳ ಕೆಳಗೆ ಕೊಳವೆ ಹಾಕುವಂತಿಲ್ಲ. ಎಲ್ಲೇ ಹಾಕಿದರೂ ನೆಲದ ಮೇಲ್ಮೈಯಿಂದ ಕನಿಷ್ಠ 1 ಮೀಟರ್ ಆಳದಲ್ಲಿರಬೇಕು.

ಪರಿಹಾರ ಎರಡು ಬಗೆ. ಬೆಳೆ, ಮರ ಮುಂತಾದ ಹಾನಿಗೆ ಒಂದು, ಬಳಕೆಯ ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡಾ 10 ಇನ್ನೊಂದು. ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. ಆಮೇಲೆ ರಾಗಿಯನ್ನೋ ಜೋಳವನ್ನೋ ಬೆಳೆಯಲು ಅಡ್ಡಿಯಿಲ್ಲ. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ, ಕಟ್ಟೆ ಮಾಡುವಂತಿಲ್ಲ, ಮರ ನೆಡುವಂತಿಲ್ಲ. ತೆಂಗು ಅಡಿಕೆಯವರಿಗೆ ಇದು ಸಣ್ಣ ನಷ್ಟವಲ್ಲ. ಶೇಕಡಾ 10 ಸಾಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಇದೇ ಸಿಟ್ಟು ತಮಿಳುನಾಡಿನಲ್ಲಿ ದೊಡ್ಡದಾಗಿ ಎದ್ದಿತ್ತು. ಕೊಚ್ಚಿಯಿಂದ ಬೆಂಗಳೂರು, ಮಂಗಳೂರಿಗೆ ಹೊರಟ ಪೈಪ್‌ಲೈನು ಪಶ್ಚಿಮದ ಏಳು ಜಿಲ್ಲೆಗಳ ಹೊಲಗಳಲ್ಲಿ ಹಾದುಹೋಗುವುದನ್ನು ರೈತರು ವಿರೋಧಿಸಿದರು. ಹೊಲ ಬಿಟ್ಟು ಹೆದ್ದಾರಿಯ ಪಕ್ಕ ಹಾಕಿ ಎಂದು 2013ರಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಅದೇ ವರ್ಷ ಮದ್ರಾಸ್ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು, 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ರಾಜ್ಯದ ಮೇಲ್ಮನವಿಯನ್ನು ಒಪ್ಪಲಿಲ್ಲ. ಸಂಸತ್ತಿನ ಕಾಯ್ದೆಯಡಿ ನಡೆಯುವ ಕೊಳವೆಯ ದಾರಿಯನ್ನು ರಾಜ್ಯ ಒಂದು ಆದೇಶದಿಂದ ತಿರುಗಿಸಲಾರದು. ಕೊಚ್ಚಿ-ಮಂಗಳೂರು ಭಾಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಹೊಲದಲ್ಲಿ ಕೇಂದ್ರದ ಕಾಯ್ದೆಗೆ ಇಷ್ಟು ಬಲವಿದೆ. ಬೀದಿಯಲ್ಲಿ ಪೈಪು ಹಾಕುವ ಕಂಪನಿ ಈ ಬಲವನ್ನು ತನ್ನದೆಂದು ತೋರಿಸಿದರೆ ನಂಬಬೇಡಿ, ಪಾಲಿಕೆಯ ಪತ್ರ ಕೇಳಿ.

ಗೇಟಿನ ಒಳಗೂ ಹೊರಗೂ

ಮನೆ ಮುಂದಿನ ಫುಟ್‌ಪಾತ್, ನೀವು ಗಿಡ ನೆಟ್ಟು ಟೈಲ್ಸ್ ಹಾಕಿಸಿದ್ದರೂ, ಚರಂಡಿ ಮೇಲೆ ಕಲ್ಲು ಹಾಸಿ ಕಾರು ಹತ್ತಿಸುತ್ತಿದ್ದರೂ, ನಿಮ್ಮದಲ್ಲ. ಅಲ್ಲಿ ಅಗೆಯಲು ನಿಮ್ಮ ಸಹಿ ಬೇಕಿಲ್ಲ. ಕಾಂಪೌಂಡ್ ದಾಟಿ ಒಳಗೆ ಬರಬೇಕಾದರೆ ಬೇಕು. ಅಪಾರ್ಟ್‌ಮೆಂಟಾದರೆ ಸಂಘದ ಒಪ್ಪಿಗೆ ಬೇಕು. ಗ್ಯಾಸ್ ಸಂಪರ್ಕ ತೆಗೆದುಕೊಳ್ಳಲೇಬೇಕೆಂದು ಅಗೆಯಲು ಬಂದವರು ಹೇಳಿದರೆ, ಬೀದಿಯಲ್ಲಿ ಪೈಪು ಹಾದುಹೋದ ಮಾತ್ರಕ್ಕೆ ನೀವು ಗ್ರಾಹಕರಾಗುವುದಿಲ್ಲ ಎಂದು ಹೇಳಿ ಕಳಿಸಿ.

ಇನ್ನು ಬೀದಿಯಡಿಯ ಪೈಪು ಬಾಂಬಿನ ಹಾಗೆ ಎಂಬ ಹೆದರಿಕೆ. ಬೀದಿಗಳಲ್ಲಿ ಹಾಕುವ ಹಳದಿ ಅಥವಾ ಕಿತ್ತಳೆ ಬಣ್ಣದ ಪಾಲಿಎಥಿಲೀನ್ ಪೈಪಿನಲ್ಲಿ ಒತ್ತಡ ಸಾಮಾನ್ಯವಾಗಿ 4 ಬಾರ್ ವರೆಗೆ. ಬಿಸಿಲಿನ ದಿನ ಅಡುಗೆಮನೆಯ ಸಿಲಿಂಡರಿನೊಳಗೆ ಇದಕ್ಕಿಂತ ಹೆಚ್ಚೇ ಇರುತ್ತದೆ. ಒಲೆಯ ಹತ್ತಿರ ಬರುವಾಗ ಅದು 21 ಮಿಲಿಬಾರಿಗೆ ಇಳಿದಿರುತ್ತದೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು: ಸಿಲಿಂಡರ್ ಖಾಲಿಯಾಗುತ್ತದೆ, ಬೀದಿಯ ಪೈಪು ಯಾರಾದರೂ ವಾಲ್ವ್ ಮುಚ್ಚುವವರೆಗೂ ಖಾಲಿಯಾಗುವುದಿಲ್ಲ.

ಅಪಾಯ ಹೆಚ್ಚಾಗಿ ಬರುವುದು ಪೈಪಿನಿಂದಲ್ಲ, ಅದು ಅಲ್ಲಿದೆ ಎಂದು ತಿಳಿಯದೆ ಅಗೆಯುವವರಿಂದ. ನೀರಿನ ಸಂಪರ್ಕಕ್ಕೆ, ಇಂಟರ್ನೆಟ್ ಕೇಬಲ್ಲಿಗೆ, ಕೊಳವೆಬಾವಿಗೆ ಎಂದು ಬಂದ ಯಂತ್ರ ಹಳದಿ ಪೈಪಿಗೆ ತಾಗುತ್ತದೆ. ಅದಕ್ಕೇ ಪೈಪಿನ ಮೇಲೆ ಎಚ್ಚರಿಕೆಯ ಪಟ್ಟಿಯನ್ನು ಹಾಸಿರುತ್ತಾರೆ, ರಸ್ತೆ ಬದಿಯಲ್ಲಿ ಗುರುತಿನ ಕಂಬ ನೆಟ್ಟಿರುತ್ತಾರೆ. ಅಗೆಯುವವರು ಮೊದಲೇ ಜಾಗ ತಿಳಿಸಿ, ಅಲ್ಲಿ ಕೇಬಲ್ಲು ಪೈಪು ಇರುವವರಿಗೆ ಸುದ್ದಿ ಮುಟ್ಟಿಸಲಿ ಎಂದೇ 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ ಕಾಲ್ ಬಿಫೋರ್ ಯು ಡಿಗ್ ಎಂಬ ಆ್ಯಪ್ ಹೊರತಂದಿತು. ಮನೆ ಮುಂದೆ ಬೋರ್ ಕೊರೆಸುವ, ಸಂಪಿನ ಪೈಪು ಬದಲಿಸುವ ನಿಮಗೂ ಇದೇ ಮಾತು: ಮೊದಲು ಗ್ಯಾಸ್ ಕಂಪನಿಗೆ ಫೋನ್, ಆಮೇಲೆ ಯಂತ್ರ.

ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ, ನೆಲದಿಂದ ಬುಸ್ ಎಂಬ ಸದ್ದು ಕೇಳಿದರೆ, ಅನುಮತಿ ಪತ್ರದ ವಾದವನ್ನು ಅಲ್ಲಿಗೇ ಬಿಡಿ. ಸೋರಿಕೆ ನಿಲ್ಲಿಸಲು ತುರ್ತಾಗಿ ಅಗೆಯುವವರನ್ನು ಕಾಗದ ಕೇಳುತ್ತ ತಡೆಯಬೇಡಿ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಬಯಲಿನಲ್ಲಿ ಮೇಲೇರಿ ಚದುರುತ್ತದೆ. ಆದರೆ ಮಣ್ಣಿನೊಳಗೆ, ಚರಂಡಿಯ ಮೂಲಕ ಹರಿದು ಹತ್ತಿರದ ಮನೆಯೊಳಗೂ ಸೇರಬಲ್ಲದು, ಮಣ್ಣು ಅದರ ವಾಸನೆಯನ್ನೂ ಹೀರಿಬಿಡಬಹುದು. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು. ಆದ್ದರಿಂದ ಬೀಡಿ, ಬೆಂಕಿಕಡ್ಡಿ, ಬೈಕ್ ಸ್ಟಾರ್ಟ್, ದೀಪದ ಸ್ವಿಚ್ ಯಾವುದೂ ಬೇಡ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಹೋಗಿ, ಆಮೇಲೆ ಫೋನ್ ಮಾಡಿ. ಜೆಸಿಬಿ ಚಾಲಕ ಗಾಬರಿಯಲ್ಲಿ ಗುಂಡಿಗೆ ಮಣ್ಣು ತಳ್ಳಿ ಮುಚ್ಚಲು ಹೋಗುವುದುಂಟು, ಬಿಡಬೇಡಿ. ಮುಚ್ಚಿದರೆ ಅನಿಲ ಬೇರೆ ದಾರಿ ಹುಡುಕುತ್ತದೆ. ಬೆಂಕಿ ಹೊತ್ತಿಕೊಂಡಿದ್ದರೆ ಪೈಪಿನ ಬಾಯಿಯ ಜ್ವಾಲೆಗೆ ನೀರು ಎರಚಬೇಡಿ, ಕಂಪನಿಯವರು ವಾಲ್ವ್ ಮುಚ್ಚುವವರೆಗೆ ಸುತ್ತಲಿನ ಜನರನ್ನು ದೂರ ಇಡಿ.

ಫೋನ್ ನಂಬರಿನ ವಿಷಯದಲ್ಲೂ ಒಂದು ತಪ್ಪು ಫಾರ್ವರ್ಡ್ ಆಗುತ್ತಿರುತ್ತದೆ. 1906 ಇರುವುದು ಸಿಲಿಂಡರಿನ ಎಲ್‌ಪಿಜಿ ಸೋರಿಕೆಗೆ. ಪೈಪಿನ ಅನಿಲಕ್ಕೆ ಆಯಾ ಪ್ರದೇಶದ ಕಂಪನಿಯ ತುರ್ತು ನಂಬರೇ ಬೇರೆ, ಅದು ಬಿಲ್ಲಿನ ಮೇಲೆ ಮತ್ತು ರಸ್ತೆ ಬದಿಯ ಗುರುತಿನ ಫಲಕದ ಮೇಲೆ ಇರುತ್ತದೆ. ಯಾವುದೂ ಕೈಗೆ ಸಿಗದಿದ್ದರೆ 112.